ಉಂಗುರ ಬಿಗಿಯಾಯ್ತಾ? ಮೊದಲು ಬಿಪಿ ನೋಡಿಸಿ

ಇವತ್ತು ಬಸುರಿಯರ ಕೈ, ಬೆರಳು ಊದಿಕೊಳ್ಳೋದರ ಬಗ್ಗೆ ಮಾತಾಡೋಣ. ನಾನು ಡಾಕ್ಟರ್ ಅಲ್ಲ. ಪಿರಿಯಾಪಟ್ಟಣದ ಕಡೆಯ ಹಳ್ಳಿಯವಳು, ಒಂದು ಮಗುವಿನ ತಾಯಿ. ನನಗೆ ಆಗಿದ್ದನ್ನ, ಆಮೇಲೆ ಡಾಕ್ಟರ್, ನರ್ಸ್ ಹತ್ತಿರ ಕೇಳಿ ತಿಳ್ಕೊಂಡಿದ್ದನ್ನ ಹೇಳ್ತೀನಿ.

ನನಗಾಗ ಏಳು ತಿಂಗಳು. ಆಗಸ್ಟ್ ಬೇರೆ. ಪಿರಿಯಾಪಟ್ಟಣ, ಹುಣಸೂರು ಕಡೆ ಆಗ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ಲ. ಹಗಲು ಹೊಗೆಸೊಪ್ಪು ಮುರಿಯೋದು, ಕಡ್ಡಿಗೆ ಕಟ್ಟೋದು, ರಾತ್ರಿಯೆಲ್ಲ ಬ್ಯಾರನ್ ಮುಂದೆ ಬೆಂಕಿ ಕಾಯೋದು. ನಾನು ನೆರಳಲ್ಲಿ ಕೂತು ಸೊಪ್ಪು ಕಟ್ಟಿಕೊಡ್ತಿದ್ದೆ. ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಬೆರಳು ಮಡಚೋಕೆ ಆಗ್ತಿಲ್ಲ, ಮದುವೆ ಉಂಗುರ ಚರ್ಮಕ್ಕೆ ಕಚ್ಕೊಂಡಿದೆ. ಹಿಂದಿನ ದಿನದಿಂದ ತಲೆನೋವೂ ಇತ್ತು.

ಅತ್ತೆ ಅಂದ್ರು, "ಬಸುರೀಲಿ ನೀರು ತುಂಬ್ಕೊಳ್ಳುತ್ತೆ ಕಣಮ್ಮ, ಬಾರ್ಲಿ ಗಂಜಿ ಕುಡಿ. ತಲೆನೋವು ಸೊಪ್ಪಿನ ಘಾಟಿಗೆ ಬಂದಿರೋದು." ನಾನೂ ನಂಬಿದೆ. ಅವತ್ತು ಸೊಪ್ಪು ಕಟ್ಟೋ ಆಳುಗಳೂ ಬಂದಿದ್ರು, ಬಿಟ್ಟು ಹೋಗೋದು ಹೇಗೆ ಅನ್ನಿಸ್ತು.

ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಸುರಿಯರ ಮೈಯಲ್ಲಿ ರಕ್ತ, ನೀರು ಎರಡೂ ಹೆಚ್ಚಾಗುತ್ತೆ. ರಕ್ತ ಮೊದಲಿದ್ದಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿ ಆಗುತ್ತೆ. ಹಾಗಾಗಿ ಸಂಜೆ ಹೊತ್ತಿಗೆ ಕಾಲು ಊದೋದು, ಬಳೆ, ಉಂಗುರ ಸ್ವಲ್ಪ ಬಿಗಿಯಾಗೋದು ಬಹಳ ಜನರಿಗೆ ಆಗುತ್ತೆ. ಹಸಿ ಹೊಗೆಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿದು ತಲೆನೋವು, ವಾಂತಿ ಬರೋದೂ ನಿಜ. ಇಬ್ಬನಿಗೆ ಒದ್ದೆಯಾದ ಸೊಪ್ಪಾದ್ರೆ ಇನ್ನೂ ಜಾಸ್ತಿ. ಬಸುರಿಯರು ಆ ಸೊಪ್ಪು ಮುಟ್ಟಲೇಬಾರದು ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ.

ತೊಂದರೆ ಇರೋದು ಇಲ್ಲೇ. ಊತಕ್ಕೆ ಒಂದು ಕಾರಣ ಸಿಕ್ತು, ತಲೆನೋವಿಗೆ ಇನ್ನೊಂದು ಕಾರಣ ಸಿಕ್ತು. ಎರಡನ್ನೂ ಸೇರಿಸಿ ಯಾರೂ ನೋಡಲಿಲ್ಲ.

ಸಂಜೆ ಆಶಾ ಅಕ್ಕ ಬಂದ್ರು. ನನ್ನ ಕೈ ನೋಡಿ, "ತಲೆನೋವಿದೆಯಾ?" ಅಂತ ಕೇಳಿದ್ರು. ಹೂಂ ಅಂದೆ. "ತಾಯಿ ಕಾರ್ಡ್ ತಗೋ, ನಾಳೆ ಅಲ್ಲ, ಈಗಲೇ ಹೊರಡು" ಅಂದ್ರು. ಆಸ್ಪತ್ರೆಯಲ್ಲಿ ಬಿಪಿ 150/100. ಮೂತ್ರದಲ್ಲಿ ಪ್ರೋಟೀನ್ ಹೋಗ್ತಿತ್ತು. ಇದಕ್ಕೆ ಪ್ರಿ-ಎಕ್ಲಾಂಪ್ಸಿಯಾ ಅಂತಾರೆ. ಬಿಟ್ಟರೆ ಫಿಟ್ಸ್ ಬರಬಹುದು, ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಮೈಸೂರಿಗೆ ಕಳಿಸಿದ್ರು. ಮಾತ್ರೆ ಕೊಟ್ಟು, ಪದೇಪದೇ ಬಿಪಿ ನೋಡ್ತಾ, 37 ವಾರ ತುಂಬಿದ ಮೇಲೆ ಹೆರಿಗೆ ಮಾಡಿಸಿದ್ರು. ಮಗಳು ಈಗ ಅಂಗನವಾಡಿಗೆ ಹೋಗ್ತಾಳೆ.

ಹಾಗಾದ್ರೆ ನೀವು ಏನು ನೋಡ್ಕೋಬೇಕು? 20 ವಾರ ಆದಮೇಲೆ ಕೈ ಅಥವಾ ಮುಖ ಇದ್ದಕ್ಕಿದ್ದಂತೆ ಊದಿದ್ರೆ ಅದೇ ದಿನ ಬಿಪಿ ನೋಡಿಸಿ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟರ್ ನೋಡಲೇಬೇಕು. 160/110 ಮುಟ್ಟಿದ್ರೆ ತುರ್ತು, ತಕ್ಷಣ ಆಸ್ಪತ್ರೆ. ಬಿಡದ ತಲೆನೋವು, ಕಣ್ಣು ಮಂಜಾಗೋದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಉಸಿರು ಕಟ್ಟೋದು, ಮಗು ಅಲುಗಾಡೋದು ಕಡಿಮೆಯಾಗೋದು, ಇದರಲ್ಲಿ ಒಂದಿದ್ರೂ ಕಾಯಬೇಡಿ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯವರು, ಬಸ್ ಕಡಿಮೆ ಇರೋ ಊರಿನವರು ಕತ್ತಲಾಗೋ ತನಕ ಇರಬೇಡಿ, 108ಕ್ಕೆ ಫೋನ್ ಮಾಡಿ. ಕೆ.ಆರ್. ನಗರದ ಕಡೆ ನಾಟಿ ಇದ್ರೂ ಅಷ್ಟೇ, ನಾಟಿ ಒಂದು ದಿನ ತಡವಾಗಲಿ. ಹೆರಿಗೆ ಆದಮೇಲೂ ಆರು ವಾರ ಈ ಲಕ್ಷಣಗಳ ಮೇಲೆ ಕಣ್ಣಿರಲಿ.

ಬಿಪಿ ಸರಿಯಾಗಿದೆ, ಬರೀ ಊತ ಅಂದ್ರೆ? ಆಗ ಮನೆ ಉಪಾಯ ಮಾಡಿ. ಕೈ ದಿಂಬಿನ ಮೇಲೆ ಎತ್ತರಕ್ಕೆ ಇಟ್ಕೊಳ್ಳಿ, ಎಡಮಗ್ಗುಲಲ್ಲಿ ಮಲಗಿ, ಆಗಾಗ ಮುಷ್ಟಿ ಕಟ್ಟಿ ಬಿಚ್ಚಿ. ಊತ ಅಂತ ನೀರು ಕುಡಿಯೋದು ಬಿಡಬೇಡಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ, ಆದ್ರೆ ಉಪ್ಪೇ ಬಿಟ್ಟುಬಿಡೋದು ಬೇಡ. ನೀರು ಇಳಿಸೋ ಮಾತ್ರೆ ಅಂತ ಮೆಡಿಕಲ್‌ನಲ್ಲಿ ಕೇಳಿ ನುಂಗಬೇಡಿ. ಬಾರ್ಲಿ ಗಂಜಿ ಬೇಕಿದ್ರೆ ಕುಡೀರಿ, ಆದ್ರೆ ಅದು ಬಿಪಿ ಇಳಿಸುತ್ತೆ ಅಂದ್ಕೋಬೇಡಿ. ಆಸ್ಪತ್ರೆಯಲ್ಲಿ ಕೊಡೋ ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ. ಊಟದಲ್ಲಿ ಕ್ಯಾಲ್ಸಿಯಂ ಸಾಲದ ಬಸುರಿಯರಿಗೆ ಈ ಬಿಪಿ ಕಾಯಿಲೆ ಬರೋ ಸಾಧ್ಯತೆಯನ್ನ ಅದು ಕಡಿಮೆ ಮಾಡುತ್ತೆ. ನಮ್ಮ ರಾಗಿ ಮುದ್ದೆಯಲ್ಲೂ ಕ್ಯಾಲ್ಸಿಯಂ ಚೆನ್ನಾಗಿದೆ, ಆದ್ರೆ ಮುದ್ದೆ ಉಣ್ತೀನಿ ಅಂತ ಮಾತ್ರೆ ಬಿಡೋ ಹಾಗಿಲ್ಲ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಜುಮು ಅಂತಿದ್ರೆ ಮಣಿಕಟ್ಟಿನ ಹತ್ತಿರ ನರ ಒತ್ತಿರಬಹುದು. ಮಣಿಕಟ್ಟು ಮಡಚದೆ ನೇರ ಇಟ್ಕೊಂಡು ಮಲಗಿ, ಡಾಕ್ಟರಿಗೂ ಹೇಳಿ. ಹೆಚ್ಚಿನವರಿಗೆ ಹೆರಿಗೆ ಆದಮೇಲೆ ಹೋಗುತ್ತೆ.

ಇನ್ನು ಉಂಗುರ. ಬಿಗಿಯಾಗೋ ಮೊದಲೇ ತೆಗೆದಿಟ್ಟುಬಿಡಿ, ಅಪಶಕುನ ಏನಿಲ್ಲ. ಸಿಕ್ಕಿಕೊಂಡಿದ್ರೆ ಕೈ ಸ್ವಲ್ಪ ಹೊತ್ತು ಮೇಲೆತ್ತಿ, ಕೊಬ್ಬರಿ ಎಣ್ಣೆ ಅಥವಾ ಸೋಪು ಹಚ್ಚಿ, ನಿಧಾನಕ್ಕೆ ತಿರುಗಿಸಿ. ಬೆರಳು ನೀಲಿಯಾದ್ರೆ, ಮರಗಟ್ಟಿದ್ರೆ ಎಳೆದಾಡಬೇಡಿ. ಆಸ್ಪತ್ರೆಗೆ ಹೋಗಿ ಕತ್ತರಿಸಿಕೊಳ್ಳಿ. ನನ್ನದನ್ನೂ ಕತ್ತರಿಸಿದ್ರು. ಚಿನ್ನ ಮತ್ತೆ ಬೆಸೆಯಬಹುದು.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ. ಹೋದಾಗ "ಬಿಪಿ ಎಷ್ಟು ಬಂತು?" ಅಂತ ನೀವೇ ಕೇಳಿ, ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. ಈ ಎಪಿಸೋಡ್ ಕೇಳ್ತಿರೋ ಹುಡುಗರೇ, ನಿಮ್ಮ ಮನೆಯಲ್ಲಿ ಅಕ್ಕನೋ, ಅತ್ತಿಗೆಯೋ, ಹೆಂಡತಿಯೋ ಬಸುರಿ ಇದ್ರೆ ಇವತ್ತೇ ಆ ಕಾರ್ಡ್ ತೆಗೆದು ನೋಡಿ. ಬಿಪಿ ಜಾಗ ಖಾಲಿ ಇದ್ರೆ ಬೈಕ್ ಬೇಡ, ಒಂದು ಆಟೋ ಕರೆದು ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮತ್ತೆ ಸಿಗೋಣ. ಹುಷಾರು.