ಫಾರ್ವರ್ಡ್ ಮಾಡುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ

(ಪೂರ್ವ ಲಂಡನ್‌ನಲ್ಲಿ ನಡೆದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)

ವೇದಿಕೆಯಲ್ಲಿರುವ ಹಿರಿಯರೇ, ಮಕ್ಕಳನ್ನು ಎತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿರುವ ತಾಯಂದಿರೇ, ನೈಟ್ ಶಿಫ್ಟ್ ಮುಗಿಸಿ ನಿದ್ದೆ ಬಿಟ್ಟು ಬಂದ ಸಹೋದರರೇ,

ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವನು ನಾನು. "ಊರಲ್ಲಿ ಗಲಾಟೆ ಆದಾಗ ನಾವು ಏನು ಮಾಡಬೇಕು ಅಂತ ನಾಲ್ಕು ಮಾತು ಹೇಳಿ" ಅಂದರು. ಏನು ಮಾಡಬಾರದೋ ಅದನ್ನು ಮಾಡಿದವನು ನಾನು. ಅಲ್ಲಿಂದಲೇ ಶುರು ಮಾಡುತ್ತೇನೆ.

2024ರ ಜುಲೈ 29. ಸೌತ್‌ಪೋರ್ಟ್ ಎಂಬ ಊರಿನಲ್ಲಿ ಡ್ಯಾನ್ಸ್ ಕ್ಲಾಸಿಗೆ ಹೋಗಿದ್ದ ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಒಬ್ಬ ಇರಿದು ಕೊಂದ. ಮಕ್ಕಳಿರುವ ಯಾರಿಗೂ ಅವತ್ತು ಊಟ ಸೇರಿರಲಿಕ್ಕಿಲ್ಲ. ಆದರೆ ಆ ಹೆತ್ತವರ ಕಣ್ಣೀರು ಆರುವ ಮೊದಲೇ ಒಂದು ಸುಳ್ಳು ಹಬ್ಬಿತು. ಕೊಂದವನು ದೋಣಿಯಲ್ಲಿ ಬಂದ ಮುಸ್ಲಿಮನಂತೆ! ನಿಜವಾಗಿ ಅವನು ಈ ದೇಶದ ಕಾರ್ಡಿಫ್‌ನಲ್ಲೇ ಹುಟ್ಟಿದ 17 ವರ್ಷದ ಹುಡುಗ. ಮುಸ್ಲಿಮನೂ ಅಲ್ಲ, ದೋಣಿಯಲ್ಲಿ ಬಂದವನೂ ಅಲ್ಲ. ಆದರೂ ಮರುದಿನ ಸೌತ್‌ಪೋರ್ಟಿನ ಮಸೀದಿಗೆ ಇಟ್ಟಿಗೆ ಬಿತ್ತು. ಆಗಸ್ಟ್ 4ರಂದು ರಾದರ್‌ಹ್ಯಾಮ್ ಹತ್ತಿರ, ಆಶ್ರಯ ಕೇಳಿಕೊಂಡು ಬಂದವರು ಒಳಗಿದ್ದ ಹೋಟೆಲಿಗೇ ಬೆಂಕಿ ಇಟ್ಟರು.

ಆಮೇಲೆ ಆ ಪಟ್ಟಿ ಬಂತು. ಆಗಸ್ಟ್ 7ರ ಸಂಜೆ ಎಲ್ಲೆಲ್ಲಿ ದಾಳಿ ಮಾಡುತ್ತಾರೆ ಅಂತ ಊರುಗಳ ಹೆಸರು. ಲಂಡನ್‌ನಲ್ಲಿ ನಾರ್ತ್ ಫಿಂಚ್ಲಿ ಇತ್ತು, ನಮ್ಮ ವಾಲ್ಥಮ್‌ಸ್ಟೋ ಇತ್ತು. ಹೋ ಸ್ಟ್ರೀಟ್‌ನ ವಲಸೆ ಸಲಹಾ ಕಚೇರಿ ಅವರ ಗುರಿ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಕೈಯಲ್ಲಿದ್ದ ಎಲ್ಲ ವಾಟ್ಸಪ್ ಗುಂಪುಗಳಿಗೂ ಫಾರ್ವರ್ಡ್ ಮಾಡಿದೆ. ಎಲ್ಲರೂ ಜಾಗ್ರತೆಯಾಗಿರಲಿ ಅಂತಲೇ ಮಾಡಿದ್ದು. ಎರಡು ಗಂಟೆಯೊಳಗೆ ಉಳ್ಳಾಲದಿಂದ ಉಮ್ಮನ ಫೋನು. "ಮೋನೇ, ನಿಮ್ಮಲ್ಲಿ ಪಳ್ಳಿಗೆ ಬೆಂಕಿ ಕೊಟ್ಟರಂತೆ, ಹೌದಾ?"

ನಾನು ಕಳಿಸಿದ ಪಟ್ಟಿಯೇ ಅದು! ಕೈಯಿಂದ ಕೈಗೆ ಹೋಗಿ, "ದಾಳಿ ಮಾಡುತ್ತಾರಂತೆ" ಅನ್ನುವುದು "ದಾಳಿ ಆಯಿತು" ಅಂತಾಗಿ ನನ್ನ ಉಮ್ಮನ ಎದೆಗೇ ಬಂದು ಬಿದ್ದಿತ್ತು. ಆ ರಾತ್ರಿ ಅವರು ಮಲಗಲಿಲ್ಲ.

ನನಗೆ ಆ ಸಂಕಟ ಗೊತ್ತಿರಬೇಕಿತ್ತು. 2019ರ ಡಿಸೆಂಬರ್ 19 ನಿಮಗೆ ನೆನಪುಂಟಲ್ಲ? ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧ ಪ್ರತಿಭಟನೆ, ಪೊಲೀಸರ ಗೋಲಿಬಾರು, ಇಬ್ಬರ ಸಾವು, ಕರ್ಫ್ಯೂ. ಆಮೇಲೆ ಮೊಬೈಲ್ ಇಂಟರ್‌ನೆಟ್ ಕೂಡ ಬಂದ್. ನಾವು ಇಲ್ಲಿ ಕೂತು ಮೆಸೇಜ್ ಹಾಕಿದರೆ ಒಂದೇ ಟಿಕ್. ಆ ಒಂದು ಟಿಕ್ ನೋಡುತ್ತಾ ಎಷ್ಟು ಜನ ಬೆಳಗು ಮಾಡಿದೆವು! ಅವತ್ತು ಇಲ್ಲಿ ನಾನು ಒದ್ದಾಡಿದ್ದೆ. ಐದು ವರ್ಷ ಕಳೆಯುವ ಮೊದಲೇ ಅದೇ ಒದ್ದಾಟವನ್ನು ಉಮ್ಮನಿಗೆ ನಾನೇ ಕೊಟ್ಟೆ.

ಇನ್ನು ಆ ಸಂಜೆಯ ಮಾತು. ಅಂಗಡಿಗಳವರು ಮಧ್ಯಾಹ್ನದಿಂದಲೇ ಗಾಜಿಗೆ ಹಲಗೆ ಹೊಡೆಯುತ್ತಿದ್ದರು. ನಮ್ಮ ಹೋಟೆಲಿನವರೂ ನಾಲ್ಕು ಗಂಟೆಗೆ ಶಟರ್ ಎಳೆದು ನಮ್ಮನ್ನು ಮನೆಗೆ ಕಳಿಸಿದರು. ನಾನು ಲೈಟ್ ಆರಿಸಿ ಕೂತೆ. ನನ್ನ ಹೆಂಡತಿಗೆ ಕೇರ್ ಹೋಮ್‌ನಲ್ಲಿ ರಾತ್ರಿ ಪಾಳಿ. ಹೋಗುವುದೋ ಬಿಡುವುದೋ ಅಂತ ನಮ್ಮೊಳಗೆ ಚರ್ಚೆ. ಆಗ ಯಾರೋ ಬಾಗಿಲು ತಟ್ಟಿದರು. ನಾನು ತೆಗೆಯಲಿಲ್ಲ. ಪರದೆ ಸರಿಸಿ ನೋಡಿದರೆ ಪಕ್ಕದ ಮನೆಯ ಅಜ್ಜಿ. ಜಮೈಕಾದಿಂದ ಬಂದು ಐವತ್ತು ವರ್ಷ ಆದವರು. "ನಿನ್ನ ಹೆಂಡತಿಗೆ ಇವತ್ತು ಡ್ಯೂಟಿ ಉಂಟಾ? ನನ್ನ ಮಗ ಕಾರಲ್ಲಿ ಬಿಟ್ಟು ಬರುತ್ತಾನೆ" ಅಂದರು. ಮಾರಾಯ್ರೆ, ಮೂರು ವರ್ಷ ಗೋಡೆಗೆ ಗೋಡೆ ತಾಗಿಕೊಂಡು ಬದುಕಿದ್ದೇವೆ. ನಾನು ಆಕೆಯ ಹೆಸರು ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ದೂರದಿಂದ ಗದ್ದಲ ಕೇಳಿತು, ಮಳೆಗಾಲದಲ್ಲಿ ನಮ್ಮ ಉಳ್ಳಾಲದ ಕಡಲು ಮೊರೆದ ಹಾಗೆ. ಬಂದೇ ಬಿಟ್ಟರು ಅಂದುಕೊಂಡೆ. ಬಂದವರು ಬೇರೆಯೇ. ಬಿಳಿಯರು, ಕರಿಯರು, ಗಡ್ಡದವರು, ಮಕ್ಕಳನ್ನು ಹೆಗಲಿಗೇರಿಸಿದವರು. ಸಾವಿರಾರು ಜನ ಹೋ ಸ್ಟ್ರೀಟ್ ತುಂಬಿ ನಿಂತಿದ್ದರು. ದಾಳಿಗೆ ಬರುತ್ತೇವೆ ಅಂದವರು ಬರಲೇ ಇಲ್ಲ. ದೇಶದಾದ್ಯಂತ ಸುಮಾರು 6,000 ಪೊಲೀಸರನ್ನು ಸಜ್ಜಾಗಿ ಇಟ್ಟಿದ್ದರು, ಅದೂ ನಿಜ. ಆದರೆ ಮರುದಿನದ ಪತ್ರಿಕೆಗಳ ಮುಖಪುಟದಲ್ಲಿ ಬಂದದ್ದು ಆ ಜನಸಾಗರ.

ಈ ಪೂರ್ವ ಲಂಡನ್‌ಗೆ ಇದು ಹೊಸತಲ್ಲ. 1936ರ ಅಕ್ಟೋಬರ್ 4ರಂದು ಕೇಬಲ್ ಸ್ಟ್ರೀಟ್‌ನಲ್ಲಿ ಮೋಸ್ಲಿಯ ಕರಿ ಅಂಗಿಯವರನ್ನು ಯಹೂದಿಯರು, ಐರಿಷ್ ಬಂದರು ಕಾರ್ಮಿಕರು ಒಟ್ಟಾಗಿ ತಡೆದರು. 1978ರ ಮೇ 4ರಂದು ವೈಟ್‌ಚಾಪೆಲ್‌ನಲ್ಲಿ ಅಲ್ತಾಬ್ ಅಲಿಯ ಕೊಲೆಯಾಯಿತು. ಬಾಂಗ್ಲಾದೇಶದಿಂದ ಬಂದ ಬಟ್ಟೆ ಕಾರ್ಮಿಕ, ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ, ನಮ್ಮ ನಿಮ್ಮ ಹಾಗೆಯೇ. ಹತ್ತು ದಿನ ಕಳೆದು ಸುಮಾರು 7,000 ಜನ ಅವನ ಶವಪೆಟ್ಟಿಗೆಯ ಹಿಂದೆ ಡೌನಿಂಗ್ ಸ್ಟ್ರೀಟ್‌ವರೆಗೆ ನಡೆದರು. ಇವತ್ತು ಅಲ್ಲಿನ ಪಾರ್ಕಿಗೆ ಅವನದ್ದೇ ಹೆಸರು. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಆದರೆ ಪ್ರತಿ ಸಲ ಜನ ನಮ್ಮ ಪರವೇ ಬರುತ್ತಾರೆ ಅಂತ ನಂಬಿ ಕೂರಬೇಡಿ. 2025ರ ಸೆಪ್ಟೆಂಬರ್ 13ರಂದು ವಲಸೆ ವಿರೋಧಿಗಳ ಮೆರವಣಿಗೆಗೆ ಇದೇ ಲಂಡನ್‌ನಲ್ಲಿ 1,10,000ದಿಂದ 1,50,000 ಜನ ಸೇರಿದ್ದರು ಅಂತ ಪೊಲೀಸರೇ ಹೇಳಿದ್ದಾರೆ. ಎದುರು ನಿಂತವರು ಸುಮಾರು 5,000. ಹೋದವರೆಲ್ಲ ನಮ್ಮ ವೈರಿಗಳು ಅನ್ನಲಾರೆ. ಬಾಡಿಗೆ ಕಟ್ಟಲಾಗದವರು, ಆಸ್ಪತ್ರೆಗೆ ತಿಂಗಳುಗಟ್ಟಲೆ ಕಾಯುವವರು ಅದರಲ್ಲಿ ಇದ್ದಾರು. ಅವರಿಗೆ ನಾವು ಟಿವಿಯಲ್ಲಿ ಕಂಡ ಮುಖಗಳು ಮಾತ್ರ. ತಪ್ಪು ಪೂರ್ತಿ ಅವರದ್ದೇ ಅನ್ನೋಣವೇ? ನಾನೇ ಪಕ್ಕದ ಮನೆಯವರ ಹೆಸರು ಕೇಳದೆ ಮೂರು ವರ್ಷ ಕಳೆದವನಲ್ಲವೇ?

ಹಾಗಾಗಿ ಮೂರು ಮಾತು. ಒಂದು, ಕಣ್ಣಾರೆ ಕಾಣದ್ದನ್ನು ಫಾರ್ವರ್ಡ್ ಮಾಡಬೇಡಿ. ಅಪಾಯ ಎದುರಿಗಿದ್ದರೆ 999ಕ್ಕೆ, ಅಲ್ಲದಿದ್ದರೆ 101ಕ್ಕೆ ಫೋನ್ ಮಾಡಿ. ಊರಿಗೆ ಮೆಸೇಜಲ್ಲ, ಕರೆ ಮಾಡಿ, ನಿಮ್ಮ ದನಿ ಕೇಳಿಸಿ. ಎರಡು, ಶಾಂತಿಯುತ ಪ್ರತಿಭಟನೆಗೆ ಹೋಗುವುದು ಇಲ್ಲಿ ತಪ್ಪಲ್ಲ, ವೀಸಾದಲ್ಲಿ ಇರುವವರಿಗೂ. ಆದರೆ ಹೊಡೆದಾಟಕ್ಕೆ ಇಳಿದು ಶಿಕ್ಷೆಯಾದರೆ ವೀಸಾಕ್ಕೇ ಕುತ್ತು. 2024ರಲ್ಲಿ ಕಲ್ಲು ಹೊಡೆಯದೆ ಬರೀ ಪೋಸ್ಟ್ ಹಾಕಿಯೇ ಜೈಲಿಗೆ ಹೋದವರೂ ಇದ್ದಾರೆ. ಯುವಕರೇ, ಸಿಟ್ಟು ಬಂದಾಗ ಫೋನು ಕೆಳಗಿಡಿ. ಮೂರು, ಗಲಾಟೆ ಆಗುವ ಮೊದಲೇ ನೆರೆಯವರ ಬಾಗಿಲು ತಟ್ಟಿ. ನೆರೆಯವನ ಹಕ್ಕು ಏನು ಅಂತ ಮದ್ರಸದಲ್ಲಿ ಬಾಯಿಪಾಠ ಮಾಡಿದವರು ನಾವು. ಲಂಡನ್‌ಗೆ ಬಂದು ಯಾಕೆ ಮರೆತೆವು?

ಆ ಅಜ್ಜಿಯ ಹೆಸರು ಈಗ ನನಗೆ ಗೊತ್ತು. ಪೆರ್ನಾಳಿಗೆ ನಮ್ಮ ಮನೆಯ ಬಿರಿಯಾನಿಯ ಮೊದಲ ತಟ್ಟೆ ಅವರಿಗೆ. ಖಾರ ಜಾಸ್ತಿ ಆಯಿತು ಅಂತ ಬೈಯುತ್ತಾರೆ, ತಟ್ಟೆ ಮಾತ್ರ ಖಾಲಿ ಬರುವುದಿಲ್ಲ, ಅದರಲ್ಲಿ ಕೇಕ್ ಇರುತ್ತದೆ. ಉಮ್ಮ ಫೋನ್ ಮಾಡಿದರೆ ಈಗ ಕೇಳುವ ಮೊದಲ ಪ್ರಶ್ನೆ, "ಪಕ್ಕದ ಮನೆಯ ಅಜ್ಜಿ ಸೌಖ್ಯವಾ?"

ಮುಂದಿನ ಸಮ್ಮಿಲನಕ್ಕೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ನೆರೆಮನೆಯವರೊಬ್ಬರ ಹೆಸರು ಕೇಳಿಕೊಂಡು ಬನ್ನಿ. ಇಷ್ಟೇ ನನ್ನ ಮಾತು.