ನಕ್ಷತ್ರಗಳೂ ಹುಟ್ಟುತ್ತವೆ
(ನಾಗಪುರದ ವಾಡಿಯಲ್ಲಿ ಕನ್ನಡ ಕಾರ್ಮಿಕರ ಕೂಟದಲ್ಲಿ ಆಡಿದ ಮಾತು)



ಕೂಲಿ ಸಾಲದೆ ಹೋದಾಗ ನಮ್ಮವರು, "ಹುಟ್ಟಿದ ನಕ್ಷತ್ರವೇ ಸರಿಯಿಲ್ಲ" ಎಂದು ಸುಮ್ಮನಾಗುವುದುಂಟು. ಆದರೆ ನಕ್ಷತ್ರಗಳೂ ಹುಟ್ಟುತ್ತವೆ. ಇಂದಿಗೂ ಹುಟ್ಟುತ್ತಲೇ ಇವೆ.

ಜನವರಿ ನಡುವಿನಲ್ಲಿ ರಾತ್ರಿ 10 ಗಂಟೆಗೆ, ಗೋದಾಮುಗಳ ದೀಪದಿಂದ ದೂರ ನಿಂತು, ದಕ್ಷಿಣಕ್ಕೆ ಮುಖಮಾಡಿ ಕತ್ತೆತ್ತಿ ನೋಡಿರಿ. ಸಾಲಾಗಿ ಮೂರು ನಕ್ಷತ್ರಗಳು ಕಾಣುತ್ತವೆ. ಅವುಗಳ ಮೇಲುಗಡೆ ನಾವು ಬಲ್ಲ ಮೃಗಶಿರೆ, ಆರಿದ್ರೆ. ಕೆಳಗೆ ಮಬ್ಬಾದ ಒಂದು ಚುಕ್ಕೆ. ಅದು ಚುಕ್ಕೆಯಲ್ಲ, ಅನಿಲ ಮತ್ತು ಧೂಳಿನ ಮೋಡ; ಮಹಾವ್ಯಾಧ ನೀಹಾರಿಕೆ. ಅದರ ಬೆಳಕು ನಮ್ಮನ್ನು ಮುಟ್ಟಲು 1,300 ವರ್ಷಗಳಿಗೂ ಮಿಕ್ಕಿ ಬೇಕು. ಮೋಡವು ತನ್ನ ಭಾರಕ್ಕೆ ತಾನೇ ಕುಸಿದು ಕಾದೆಡೆಯಲ್ಲಿ ನಕ್ಷತ್ರ ಹುಟ್ಟುತ್ತದೆ. ಹಾಗೆ ಹುಟ್ಟಿದ ಬಲು ಬಿಸಿಯಾದ ನಕ್ಷತ್ರಗಳ ಅತಿನೇರಳೆ ಕಿರಣ ತಗುಲಿ, ಸುತ್ತಲಿನ ಜಲಜನಕ ಕೆಂಪಗೆ ಬೆಳಗುತ್ತದೆ. ನಾವು ಕುಡಿಯುವ ನೀರಿನಲ್ಲಿರುವುದೂ ಅದೇ ಜಲಜನಕ.

ನಕ್ಷತ್ರದ ಬೆಳಕಿನಿಂದ ಅದರ ಬಿಸಿಯನ್ನು ಅರಿಯುವ ಸೂತ್ರವನ್ನು 1920ರಲ್ಲಿ ಕೊಟ್ಟವರು ಮೇಘನಾದ ಸಾಹಾ. ಢಾಕಾ ಬಳಿಯ ಹಳ್ಳಿಯೊಂದರ ಕಿರಾಣಿ ಅಂಗಡಿಯವರ ಮಗ.

ಬಂಧುಗಳೇ, ಆ ಮೋಡಕ್ಕೆ ನಮ್ಮ ಜಾತಕ ಗೊತ್ತಿಲ್ಲ. ಕೂಲಿಯನ್ನು ಗೊತ್ತುಮಾಡುವವರು ಮನುಷ್ಯರು. ಅವರನ್ನೇ ಕೇಳೋಣ, ಒಟ್ಟಾಗಿ ಕೇಳೋಣ.