ಗಣಿತ ಬಿಡಿಸಬೇಡಿ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರು ಆಡಿದ ಮಾತು)



ಗಾರೆ ಕೆಲಸದವರೊಬ್ಬರ ಮಗ ನನ್ನ ತರಗತಿಯಲ್ಲಿದ್ದ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲೆಲ್ಲ ಮನೆಗಳ ಚಿತ್ರ. "ಸರ್, ಆರ್ಕಿಟೆಕ್ಟ್ ಆಗಬೇಕು" ಅಂದ. "ಚಿತ್ರ ಚೆನ್ನಾಗಿ ಬರೀತೀಯ, ಪಿಯುಸಿಯಲ್ಲಿ ಆರ್ಟ್ಸ್ ತಗೋ" ಎಂದವನು ನಾನೇ. ಗಣಿತ ಓದದವರಿಗೆ ಬಿ.ಆರ್ಕ್ ಪ್ರವೇಶವಿಲ್ಲವೆಂದು ನನಗೆ ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಈಗ ಅವನು ತಂದೆಯ ಜೊತೆ ಕೆಲಸಕ್ಕೆ ಹೋಗುತ್ತಾನೆ. ಎದುರಾದರೆ ಸಲಾಂ ಹೇಳುತ್ತಾನೆ. ಮುಖ ಎತ್ತಲು ಆಗದಿರುವುದು ನನಗೆ.

ಪೋಷಕರೇ, ಭೌತಶಾಸ್ತ್ರ, ಗಣಿತ ಎರಡನ್ನೂ ಬಿಡಿಸಬೇಡಿ. ಸಿಇಟಿ ಬರೆದರೆ ಸಾಲದು, ನಾಟಾ ಎಂಬ ಪರೀಕ್ಷೆ ಬೇರೆಯೇ ಇದೆ. ಓದು 5 ವರ್ಷ. ಆಮೇಲೂ, 1972ರ ಕಾಯಿದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾಗದೆ ಆರ್ಕಿಟೆಕ್ಟ್ ಎಂದು ಹೆಸರು ಹಾಕಿಕೊಳ್ಳುವಂತಿಲ್ಲ.

ದಾನಿಗಳಲ್ಲಿ ಒಂದು ಅರಿಕೆ. ಈ ಓದಿಗೆ ಶುಲ್ಕ ಕಟ್ಟಿದರೆ ಮುಗಿಯಲಿಲ್ಲ. ಲ್ಯಾಪ್‌ಟಾಪ್, ಪ್ರಿಂಟು, ರಟ್ಟು, ಅಂಟು ಎಲ್ಲ ಬೇಕು. ರಾತ್ರಿಯಿಡೀ ಕೂತು ಮಾಡಿದ ಕಟ್ಟಡದ ಮಾದರಿಯನ್ನು ಮೇಷ್ಟ್ರು ನೋಡಿ, ಮೆಟ್ಟಿಲು ಸರಿಯಿಲ್ಲ, ಗಾಳಿ ಬರುವುದಿಲ್ಲ ಎಂದು ಮತ್ತೆ ಮಾಡಿಸುತ್ತಾರೆ. ಈ ಕೆಲಸ ಕೈಗೆ ಹತ್ತುವುದೇ ಹಾಗೆ. ಆದರೆ ಮತ್ತೆ ರಟ್ಟು ಕೊಳ್ಳಬೇಕಲ್ಲ! ನಮ್ಮ ವಿದ್ಯಾರ್ಥಿವೇತನ ಈ ಖರ್ಚಿಗೂ ಸಿಗಲಿ, 5ನೇ ವರ್ಷದವರೆಗೂ ಸಿಗಲಿ ಎಂದು ಕೇಳಿಕೊಳ್ಳುತ್ತೇನೆ.